ಅಡುಗೆಮನೆ ವೈರಿಂಗ್: ಎಲೆಕ್ಟ್ರಿಷಿಯನ್‌ಗೆ ಕೇಳಿ

ತುಮಕೂರು: ಸರ್, 2000 ವ್ಯಾಟ್ ಇಂಡಕ್ಷನ್ ಒಲೆಯನ್ನು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಬಹುದಾ?

ಎಲೆಕ್ಟ್ರಿಷಿಯನ್: ಬೇಡ. ಅದು ಎಳೆಯೋದು ಸುಮಾರು 8.7 ಆಂಪಿಯರ್. ಬಾಕ್ಸ್‌ನ ಸಾಕೆಟ್ 6 ಆಂಪಿಯರ್‌ದು. ಗೋಡೆಯ 16 ಆಂಪಿಯರ್ ಪಾಯಿಂಟ್‌ಗೇ ಹಾಕಿ. ಅದಕ್ಕೆ ಡಿಬಿಯಿಂದ (ಮನೆಯ ಎಲ್ಲ ಲೈನ್ ಹೊರಡೋ ಬೋರ್ಡ್) ಬೇರೆಯದೇ 2.5 ಸ್ಕ್ವೇರ್ (ಚದರ ಮಿ.ಮೀ.) ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್) ಇರಲಿ.

ಹಾಸನ: ಸರ್, ಮೈಕ್ರೋವೇವ್ ಮೈ ಮುಟ್ಟಿದರೆ ಜುಮ್ ಅಂತಿತ್ತು, ಬರಿಗಾಲಲ್ಲಿದ್ದರೆ ಇನ್ನೂ ಜಾಸ್ತಿ. ಅದಕ್ಕೂ ಹಳೇ ಕಬ್ಬಿಣದ ನಲ್ಲಿಗೂ ಮಧ್ಯೆ ಮೀಟರ್ 110 ವೋಲ್ಟ್ ತೋರಿಸ್ತು. ಇಲ್ಲಿನವರೊಬ್ಬರು ಬಂದು ಸಾಕೆಟ್ ಒಳಗೆ ಎರಡು ಪಿನ್‌ಗೆ ಸೇರಿಸಿ ಒಂದು ವೈರ್ ತುಂಡು ಹಾಕಿ ಹೋದರು. ಈಗ ಏನೂ ಆಗಲ್ಲ. ಹಾಗೇ ಬಿಡಬಹುದಾ?

ಎಲೆಕ್ಟ್ರಿಷಿಯನ್: ಖಂಡಿತ ಬಿಡಬೇಡಿ ಮೇಡಂ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಓದಿ.

ನಿಮ್ಮ ಮೈಕ್ರೋವೇವ್ ಕೆಟ್ಟಿರಲಿಕ್ಕಿಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಮೈಗೆ ಬರುತ್ತೆ, ಅರ್ಥ್ ಸರಿಯಿದ್ದರೆ ಅಲ್ಲೇ ಹರಿದುಹೋಗುತ್ತೆ. 230ರ ಅರ್ಧದಷ್ಟು, ಅಂದರೆ 110 ತೋರಿಸಿದೆ ಅಂದರೆ ನಿಮ್ಮ ಅರ್ಥ್ ಎಲ್ಲೋ ಕಡಿದಿದೆ. ಅದನ್ನು ಹುಡುಕೋ ಬದಲು ಅವರು ನ್ಯೂಟ್ರಲ್ ಮತ್ತು ಅರ್ಥ್ ಪಿನ್ನಿಗೆ ಕೊಂಡಿ ಹಾಕಿದ್ದಾರೆ. ಸಾಕೆಟ್‌ಗೂ ಡಿಬಿಗೂ ಮಧ್ಯೆ ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿ ಬಿಟ್ಟುಹೋಯಿತೋ, ಫೇಸ್ 230 ವೋಲ್ಟ್ ಮೈಕ್ರೋವೇವ್ ಒಳಗಿಂದ ಹಾದು ಅದರ ಮೈಗೇ ಬರುತ್ತೆ. ಅರ್ಥ್‌ನ ಆ ಹಸಿರು ವೈರ್ ಫ್ರಿಜ್, ಗೀಸರ್‌ಗೂ ಹೋಗಿದ್ದರೆ ಅವುಗಳ ಮೈಗೂ. 16 ಆಂಪಿಯರ್ ಎಂಸಿಬಿ ಬೀಳಲ್ಲ. ಮನುಷ್ಯನಿಗೆ ಪ್ರಾಣ ಹೋಗೋಕೆ ಅಷ್ಟು ಆಂಪಿಯರ್ ಬೇಕಿಲ್ಲ.

ಮೊದಲು ಆ ಕೊಂಡಿ ತೆಗೆಸಿ. ಆಮೇಲೆ ಗೊತ್ತಿರುವವರು ಅಳೆಯಲಿ. ಫೇಸ್–ನ್ಯೂಟ್ರಲ್ 230, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಬರಬೇಕು. ಅದೇ ಲೈನಿನಲ್ಲಿ ದೊಡ್ಡ ಲೋಡ್ ಓಡುವಾಗಲೂ ನ್ಯೂಟ್ರಲ್–ಅರ್ಥ್ ನೆಟ್ಟಗೆ ಸೊನ್ನೆ ಬಂದರೆ ಅಲ್ಲೂ ಕೊಂಡಿ ಇದೆಯಾ ನೋಡಿ. ಅರ್ಥ್ ವೈರನ್ನು ಸಾಕೆಟ್‌ನಿಂದ ಡಿಬಿಗೆ, ಡಿಬಿಯಿಂದ ಹೊರಗಿನ ಅರ್ಥ್ ಗುಂಡಿಗೆ ಹಂತಹಂತವಾಗಿ ಪರೀಕ್ಷಿಸಿ. ಗುಂಡಿಯ ಕ್ಲ್ಯಾಂಪ್ ಬೋಲ್ಟ್ ತುಕ್ಕು ಹಿಡಿದಿರೋದೇ ಹೆಚ್ಚು. ಕೊನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಹಾಕಿಸಿ.

ಶಿವಮೊಗ್ಗ: ಗ್ರೂಪಿನಲ್ಲಿ ಬಂದಿತ್ತು: ಅರ್ಥ್ ಗುಂಡಿಗೆ ಒಂದು ಬಕೆಟ್ ಉಪ್ಪುನೀರು ಹಾಕಿದರೆ ಶಾಕ್ ನಿಲ್ಲುತ್ತಂತೆ 🙏

ಎಲೆಕ್ಟ್ರಿಷಿಯನ್: ವೈರೇ ಕಡಿದಿರುವಾಗ ಗುಂಡಿಗೆ ಉಪ್ಪು ಹಾಕಿ ಏನು ಬಂತು? ಕಬ್ಬಿಣದ ಪೈಪ್ ಇನ್ನೂ ಬೇಗ ತುಕ್ಕು ತಿನ್ನುತ್ತೆ ಅಷ್ಟೇ. ನಂಬಿ ಕೂತವರ ಮನೇಲಿ ಯಾರಾದರೂ ಸಾಯ್ತಾರೆ. ಫಾರ್ವರ್ಡ್ ಡಿಲೀಟ್ ಮಾಡಿ.

ಹುಬ್ಬಳ್ಳಿ: ಇಂಡಕ್ಷನ್‌ಗೆ 2.5 ಸಾಲೂದಿಲ್ರೀ. 4 ಸ್ಕ್ವೇರ್ ಬೇಕs ಬೇಕು.

ಬೆಂಗಳೂರು: ಸಾಲುತ್ತೆ. ಸುಮ್ಮನೆ ಜನರ ದುಡ್ಡು ಖರ್ಚು ಮಾಡಿಸ್ಬೇಡಿ.

ಹುಬ್ಬಳ್ಳಿ: ವೈರ್ ಬಿಸಿ ಆಗಿ ಸುಟ್ಟರ ನೀವ್ ಬರ್ತೀರೇನ್ರೀ?

ಬೆಂಗಳೂರು: ಲೆಕ್ಕ ಹಾಕಿ ಮಾತಾಡಿ ಸಾರ್.

ಎಲೆಕ್ಟ್ರಿಷಿಯನ್: 15 ಮೀಟರ್ ದೂರಕ್ಕೆ 2.5ರಲ್ಲಿ ಇಳಿಯೋದು ಹತ್ತಿರಹತ್ತಿರ 2 ವೋಲ್ಟ್. ಸಾಲುತ್ತೆ. ಸುಡೋದು ವೈರ್ ಮಧ್ಯೆ ಅಲ್ಲ, ಸಡಿಲ ಸ್ಕ್ರೂ ಇರೋ ಕಡೆ. ಸಾಕೆಟ್ ಹಳದಿಗಟ್ಟಿದ್ದರೆ, ಪ್ಲಗ್ ಪಿನ್ ಕಪ್ಪಾಗಿದ್ದರೆ ಸಾಕೆಟ್ಟನ್ನೇ ಬದಲಿಸಿ. ಕೌಂಟರಿಗೆ ಕೂರಿಸೋ 7200 ವ್ಯಾಟ್ ಇಂಡಕ್ಷನ್ ಹಾಬ್ (ದೊಡ್ಡ ಒಲೆ) ಆದರೆ 31 ಆಂಪಿಯರ್. ಅದಕ್ಕೆ 6 ಸ್ಕ್ವೇರ್, 32 ಆಂಪಿಯರ್ ಎಂಸಿಬಿ ಬೇಕು. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ.

ಮಂಡ್ಯ: ಕೆಟಲ್, ಇಂಡಕ್ಷನ್ ಒಟ್ಟಿಗೆ ಹಾಕಿದ್ರೆ ಎಂಸಿಬಿ ಬೀಳ್ತದೆ. 32ರದ್ದು ಹಾಕ್ಸಿದ್ರೆ ಸರಿಹೋಗ್ತದಾ?

ಎಲೆಕ್ಟ್ರಿಷಿಯನ್: ಇಲ್ಲ. ಎಂಸಿಬಿ ಬೀಳಲ್ಲ, 2.5 ವೈರ್ ಬೇಯುತ್ತೆ. ಎರಡಕ್ಕೂ ಬೇರೆ ಬೇರೆ ಲೈನ್ ಎಳೆಸಿ.

ಉಡುಪಿ: ಕರೆಂಟ್ ಹೋದಾಗ ಮಿಕ್ಸಿಯನ್ನು ಇನ್ವರ್ಟರ್‌ನಲ್ಲಿ ಓಡಿಸಬಹುದಾ?

ಕೋಲಾರ: ಇಂಡಕ್ಷನ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಆಗುತ್ತಾ ಸರ್?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಹುಬ್ಬಳ್ಳಿ: 4 ಸ್ಕ್ವೇರ್ ಹಾಕಿದ್ರ ಏನ್ ನಷ್ಟ, ಅದನ್ನರs ಹೇಳ್ರೀ.

ಬೆಂಗಳೂರು: ಬಿಡಿ ಸಾರ್ ಸಾಕು.

ಹಾಸನ: ಸರ್, ಬಿಚ್ಚಿಸಿದೆವು. ನೀವು ಹೇಳಿದ ಹಾಗೇ ನ್ಯೂಟ್ರಲ್‌ನಿಂದ ಕಪ್ಪು ವೈರ್ ತುಂಡು ಅರ್ಥ್ ಪಿನ್ನಿಗೆ ಹೋಗಿದೆ. ಗ್ರೈಂಡರ್ ಪಾಯಿಂಟ್‌ನಲ್ಲೂ ಒಂದು ಇದೆ!

ಎಲೆಕ್ಟ್ರಿಷಿಯನ್: ಹಾಗಾದರೆ ಮನೆಯ ಎಲ್ಲ ಮೂರು ಪಿನ್ ಸಾಕೆಟ್‌ಗಳನ್ನೂ ಬಿಚ್ಚಿಸಿ. ಬಚ್ಚಲಿನ ಗೀಸರ್ ಪಾಯಿಂಟ್ ಮೊದಲು. ಅಲ್ಲಿಯವರೆಗೆ ಯಾರೂ ಗೀಸರ್ ಹಾಕಬೇಡಿ.