ಗರ್ಭಿಣಿಯಾದ ಮೇಲೆ ಖಿನ್ನತೆಯ ಮಾತ್ರೆಯನ್ನು ನಿಲ್ಲಿಸಬೇಕೇ?

ಪ್ರಶ್ನೆ: ದಾವಣಗೆರೆಯ ಓದುಗಿ

ಖಿನ್ನತೆಗಾಗಿ ಮನೋವೈದ್ಯರ ಸಲಹೆಯಂತೆ ಸರ್ಟ್ರಲೀನ್ 50 ಮಿಲಿಗ್ರಾಂ ಮಾತ್ರೆಯನ್ನು ಕೆಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಈಗ ನನಗೆ ಎರಡು ತಿಂಗಳು. ತಲೆಗೆ ಕೊಡುವ ಮಾತ್ರೆಯನ್ನು ಬಸುರಿ ನುಂಗಿದರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲವೆಂದು ಅತ್ತೆಯವರು ಹೇಳುತ್ತಿದ್ದಾರೆ. ವಿಷಯ ತಿಳಿದ ಔಷಧಿ ಅಂಗಡಿಯವರೂ ಮಾತ್ರೆ ಕೊಡಲು ಹಿಂದೇಟು ಹಾಕಿದರು. ಮದುವೆಗೆ ಮುಂಚೆ ಒಮ್ಮೆ ಮಾತ್ರೆ ನಿಂತಾಗ ಹಾಸಿಗೆಯಿಂದ ಏಳಲೂ ಆಗದ ಸ್ಥಿತಿಗೆ ಮರಳಿದ್ದೆ. ಹೆರಿಗೆ ವೈದ್ಯರ ಭೇಟಿ ಮುಂದಿನ ವಾರವಿದೆ. ಅಲ್ಲಿಯವರೆಗೆ ನಿಲ್ಲಿಸಿರುವುದು ಒಳ್ಳೆಯದೇ?

ಉತ್ತರ 1: ಮನೋವೈದ್ಯ, ಮೈಸೂರು

ನೀವಾಗಿಯೇ ನಿಲ್ಲಿಸಬೇಡಿ, ಮುಂದಿನ ವಾರದವರೆಗೆ ಕಾಯದೆ ನಿಮ್ಮ ಮನೋವೈದ್ಯರಿಗೆ ನಾಳೆಯೇ ಕರೆ ಮಾಡಿ. ಹಠಾತ್ತನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ನಿಮ್ಮ ಈ ತಿಂಗಳಿನಲ್ಲಿ ಅದು ಬಸುರಿನ ಸಂಕಟವೋ ಮಾತ್ರೆ ಬಿಟ್ಟದ್ದರ ಪರಿಣಾಮವೋ ಎಂದು ಯಾರಿಗೂ ಹೇಳಲಾಗದು.

ಅತ್ತೆಯವರ ಭಯಕ್ಕೆ ಬುಡವೇ ಇಲ್ಲವೆನ್ನಲಾರೆ. ಮೂರ್ಛೆರೋಗಕ್ಕೂ, ಅತಿಯಾದ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೂ ಕೊಡುವ ವ್ಯಾಲ್ಪ್ರೊಯೇಟ್ ಮಗುವಿನ ಅಂಗರಚನೆಗೂ ಬುದ್ಧಿಯ ಬೆಳವಣಿಗೆಗೂ ನಿಜವಾಗಿಯೂ ಹಾನಿಕರ. ಆದರೆ ಅದು ಬೇರೆಯೇ ಗುಂಪಿನ ಔಷಧ. ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ತಾಯಂದಿರಲ್ಲೂ 100 ಶಿಶುಗಳಲ್ಲಿ ಸುಮಾರು 3ಕ್ಕೆ ಜನ್ಮದೋಷವಿರುತ್ತದೆ. ಸರ್ಟ್ರಲೀನ್ ಈ ಪ್ರಮಾಣವನ್ನು ಗಮನಾರ್ಹವಾಗಿ ಹೆಚ್ಚಿಸುವುದು ಕಂಡುಬಂದಿಲ್ಲವಾದ್ದರಿಂದಲೇ ಗರ್ಭಿಣಿಯರಿಗೆ ವೈದ್ಯರು ಹೆಚ್ಚಾಗಿ ಆರಿಸುವ ಖಿನ್ನತೆಯ ಔಷಧಗಳಲ್ಲಿ ಅದೂ ಒಂದು. ಬಸುರಿನ ಕೊನೆಯ ತಿಂಗಳುಗಳಲ್ಲಿ ಸರ್ಟ್ರಲೀನ್ ಗುಂಪಿನ ಮಾತ್ರೆ ತೆಗೆದುಕೊಂಡರೆ ಶಿಶುವಿನ ಶ್ವಾಸಕೋಶದ ರಕ್ತದೊತ್ತಡ ಏರುವ ಅಪಾಯ ತುಸು ಹೆಚ್ಚುತ್ತದೆ. ಹೆಚ್ಚಿದ ಮೇಲೂ ಅದು 1,000ಕ್ಕೆ ಸುಮಾರು 3ರಷ್ಟೇ.

ತಕ್ಕಡಿಯ ಇನ್ನೊಂದು ತಟ್ಟೆಯನ್ನು ನಮ್ಮ ಮನೆಗಳಲ್ಲಿ ಯಾರೂ ನೋಡುವುದಿಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯಿಂದ ಊಟ, ನಿದ್ದೆ, ತಪಾಸಣೆ ಎಲ್ಲವೂ ತಪ್ಪುತ್ತವೆ. ಅವಧಿಪೂರ್ವ ಹೆರಿಗೆಯ ಸಾಧ್ಯತೆಯೂ ಬಾಣಂತನದ ಖಿನ್ನತೆಯ ಸಾಧ್ಯತೆಯೂ ಏರುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಾತ್ರೆ ನಿಲ್ಲಿಸಿದ ಗರ್ಭಿಣಿಯರ ಪೈಕಿ ಶೇ. 68ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಅದು ಶೇ. 26. ಅವರೆಲ್ಲ ಪದೇ ಪದೇ ಖಿನ್ನತೆಗೆ ಒಳಗಾದವರು, ಆದ್ದರಿಂದ ಎಲ್ಲರಿಗೂ ಇದೇ ಲೆಕ್ಕ ಹೊಂದದು. ಆದರೂ ಒಮ್ಮೆ ಮರುಕಳಿಸಿದ ನಿಮ್ಮ ಚರಿತ್ರೆಯನ್ನು ವೈದ್ಯರು ಹಗುರವಾಗಿ ಕಾಣಲಾರರು.

ಉತ್ತರ 2: ಒಂದು ಮಗುವಿನ ತಾಯಿ, ಶಿವಮೊಗ್ಗ

ನಾನು ಇದೇ ಮಾತ್ರೆಯನ್ನು ಹೆರಿಗೆಯವರೆಗೂ ತೆಗೆದುಕೊಂಡೆ. ಮಗ ಹುಟ್ಟಿದ ಮೊದಲ ದಿನಗಳಲ್ಲಿ ಸುತ್ತಿದ ಬಟ್ಟೆ ಬಿಚ್ಚಿದರೆ ಸಾಕು, ಕೈಗಳು ಅದುರುತ್ತಿದ್ದವು. ಮೊಲೆಯನ್ನೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಕ್ಕಳ ವೈದ್ಯರಿಗೆ ಮೊದಲೇ ವಿಷಯ ತಿಳಿಸಿದ್ದರಿಂದ ಅವರು ಗಾಬರಿಯಾಗದೆ ಗಮನಿಸುತ್ತಾ ಹೋದರು, ಯಾವ ಚುಚ್ಚುಮದ್ದೂ ಇಲ್ಲದೆ ತಾನಾಗಿಯೇ ಕಡಿಮೆಯಾಯಿತು. ಎದೆಹಾಲಿಗೆ ಈ ಮಾತ್ರೆ ಬಹಳ ಅಲ್ಪ ಪ್ರಮಾಣದಲ್ಲಿ ಸೇರುತ್ತದೆಂದು ತಿಳಿಸಿ ಹಾಲೂಡಿಸಲು ಅವರೇ ಹೇಳಿದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಮನೋವೈದ್ಯರೊಡನೆ ಮಾತನಾಡಿದೆ, ಸದ್ಯ ಇದೇ ಪ್ರಮಾಣ ಮುಂದುವರಿಯಲಿ ಎಂದರು. ಈ ಮಾತ್ರೆಯ ಹೆಸರನ್ನು ತಾಯಿ ಕಾರ್ಡಿನಲ್ಲಿ ಬರೆಸಲು ಸಂಕೋಚವಾಗುತ್ತಿದೆ, ಮನೆಯಲ್ಲಿ ಎಲ್ಲರೂ ಅದನ್ನು ತೆರೆದು ನೋಡುತ್ತಾರೆ. ಬರೆಸಲೇಬೇಕೇ?

ಉತ್ತರ 3: ಮನೋವೈದ್ಯ, ಮೈಸೂರು

ಕಾರ್ಡಿನಲ್ಲಿ ಬೇಡವೆನಿಸಿದರೆ ಮನೋವೈದ್ಯರಿಂದ ಹೆರಿಗೆ ವೈದ್ಯರಿಗೆ ಪ್ರತ್ಯೇಕ ಪತ್ರ ಬರೆಸಿಕೊಳ್ಳಿ, ಅದರ ಒಂದು ಪ್ರತಿ ಹೆರಿಗೆಯ ಚೀಲದಲ್ಲಿರಲಿ. ರಾತ್ರಿ ಪಾಳಿಯಲ್ಲಿ ನಿಮ್ಮನ್ನು ಮೊದಲ ಬಾರಿಗೆ ನೋಡುವ ವೈದ್ಯರಿಗೂ ಮಾತ್ರೆಯ ಹೆಸರು, ಪ್ರಮಾಣ ತಿಳಿಯಬೇಕು. ಏಳನೆಯ ತಿಂಗಳ ನಂತರ ಮೈಯಲ್ಲಿ ಔಷಧದ ಮಟ್ಟ ಇಳಿಯುವುದುಂಟು. ಆಗ ಬೇಸರ ಮತ್ತೆ ತಲೆದೋರಿದರೆ ತಿಳಿಸಿ, ಪ್ರಮಾಣವನ್ನು ಸರಿಪಡಿಸಬಹುದು. ತಡೆಯಲಾಗದ ರಾತ್ರಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.