ನಾಟಕ ತಂಡವನ್ನು ನೋಂದಣಿ ಮಾಡಿಸಬೇಕಾ? ದುಡ್ಡೆಲ್ಲ ಇನ್ನೂ ಮೇಷ್ಟ್ರ ಖಾತೆಯಲ್ಲೇ ಇದೆ

ನೇಪಥ್ಯದವಳು:

ನಮಸ್ಕಾರ. ಬೆಂಗಳೂರಿನ ಹನುಮಂತನಗರದ ಕಡೆ ನಮ್ಮದೊಂದು ಸಣ್ಣ ಹವ್ಯಾಸಿ ತಂಡ. 14 ಜನ ಇದ್ದೇವೆ. ಹಗಲು ಬ್ಯಾಂಕು, ಐಟಿ, ಶಾಲೆ ಅಂತ ದುಡಿಯುವವರು. ಒಬ್ಬನದು ಮೆಡಿಕಲ್ ಶಾಪ್. ಸಂಜೆ ಏಳಾದರೆ ಒಬ್ಬರ ಮನೆ ಟೆರೇಸ್ ಮೇಲೆ ತಾಲೀಮು. ನಾನು ಬಣ್ಣ ಹಚ್ಚುವವಳಲ್ಲ. ಪರಿಕರ ಜೋಡಿಸುವುದು, ಪರದೆ ಎಳೆಯುವುದು, ಲೆಕ್ಕ ಬರೆಯುವುದು ನನ್ನ ಪಾಲು.

ಕಳೆದ ಪ್ರಯೋಗದ ಲೆಕ್ಕ ನೋಡಿ. 150 ರೂಪಾಯಿಯ ಟಿಕೆಟ್ 118 ಹೋದವು, 17,700 ಬಂತು. ಖರ್ಚು: ರಂಗಮಂದಿರ 6,000, ಲೈಟು 5,500, ಮೇಕಪ್ 3,000, ಸೆಟ್ ಸಾಗಿಸಿದ ಗಾಡಿ 2,200, ಊಟ-ಕಾಫಿ 4,100. ಒಟ್ಟು 20,800. ಒಂದೂವರೆ ತಿಂಗಳ ತಾಲೀಮಿನ ಟೀ ಇದರಲ್ಲಿ ಸೇರಿಲ್ಲ. ಕಡಿಮೆ ಬಿದ್ದ 3,100 ಮೇಷ್ಟ್ರೇ (ನಮ್ಮ ನಿರ್ದೇಶಕರು) ಕೈಯಿಂದ ಹಾಕಿದರು. ಕೇಳಿದರೆ "ಬಿಡಮ್ಮ, ಆಮೇಲೆ ನೋಡೋಣ" ಅನ್ನುತ್ತಾರೆ. ಆ ಆಮೇಲೆ ಅನ್ನುವುದು ಆರು ವರ್ಷದಿಂದ ಬಂದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಕಂಪನಿಯವರು ರಾಜ್ಯೋತ್ಸವಕ್ಕೆ ನಮ್ಮ ನಾಟಕ ಆಡಿಸಿ 50,000 ಕೊಡುತ್ತಾರಂತೆ. ಆದರೆ ತಂಡದ ಹೆಸರಿನ ಖಾತೆಗೆ ಮಾತ್ರ. ನಮಗೆ ಖಾತೆ ಎಲ್ಲಿದೆ? ಟಿಕೆಟ್ ದುಡ್ಡೂ ಮೇಷ್ಟ್ರ ಫೋನ್‌ಪೇಗೇ ಬೀಳುವುದು. ನೋಂದಣಿ ಮಾಡಿಸೋಣ ಅಂದರೆ ಅರ್ಧ ಜನ "ನಾಟಕ ಮಾಡೋಕೆ ಬಂದಿದ್ದೇವೆ, ಸಂಘ ಕಟ್ಟೋಕಲ್ಲ" ಅನ್ನುತ್ತಾರೆ. ಸಂಘ ಒಳ್ಳೆಯದಾ, ಟ್ರಸ್ಟ್ ಒಳ್ಳೆಯದಾ? ಮಾಡಿಸಿದವರು ಯಾರಾದರೂ ಹೇಳಿ.

ಗಲ್ಲಾಪೆಟ್ಟಿಗೆ:

ತಂಗಿ, ನಾನು 19 ವರ್ಷ ಒಂದು ತಂಡದ ಖಜಾಂಚಿ. ಹೋಗಿದ್ದು ನಟ ಆಗಲು. ಎರಡನೇ ನಾಟಕದಲ್ಲಿ ಮಾತು ಮರೆತು ನಿಂತೆ. ಮೂರನೆಯದಕ್ಕೆ ಟಿಕೆಟ್ ಹರಿಯಲು ಕೂರಿಸಿದರು. ಅಲ್ಲಿಂದ ಎದ್ದೇ ಇಲ್ಲ.

ನೋಂದಣಿ ಮಾಡಿಸಿ. ಅದೇನೂ ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸದಸ್ಯರಿದ್ದರೆ ಸಾಕು. ಬೈಲಾ (ಸಂಘದ ನಿಯಮಗಳು), ವಿಳಾಸದ ದಾಖಲೆ, ಎಲ್ಲರ ಸಹಿ ಬೇಕು. ಟ್ರಸ್ಟ್ ಇದಕ್ಕಿಂತ ಸಲೀಸು ಅನ್ನುವವರಿದ್ದಾರೆ. ಆದರೆ ಟ್ರಸ್ಟಿಗಳು ಸಾಮಾನ್ಯವಾಗಿ ಕೂತಲ್ಲೇ ಕೂರುತ್ತಾರೆ. ನಾಟಕ ತಂಡದಲ್ಲಿ ಒಬ್ಬಳಿಗೆ ಮದುವೆ, ಇನ್ನೊಬ್ಬನಿಗೆ ಪುಣೆಗೆ ವರ್ಗ. ಜನ ಬದಲಾಗುತ್ತಲೇ ಇರುವ ಕಡೆ ಸಂಘವೇ ವಾಸಿ.

ಕಷ್ಟ ಇರುವುದು ಆಮೇಲೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಬೇಕು. ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು. ನಾವು ಪ್ರಯೋಗದ ಗಡಿಬಿಡಿಯಲ್ಲಿ ನಾಲ್ಕು ವರ್ಷ ಕೊಡಲೇ ಇಲ್ಲ. ಆಮೇಲೆ ಧನಸಹಾಯಕ್ಕೆ ಅರ್ಜಿ ಹಾಕುವಾಗ ಆಡಿಟ್ ವರದಿ ಕೇಳಿದರು. ಕೂತು ಹಳೇ ಲೆಕ್ಕ ಕೆದಕಿದೆವು. ನಮ್ಮ ಪುಸ್ತಕಕ್ಕಿಂತ ಟೀ ಅಂಗಡಿಯವನ ಬಾಕಿ ಪುಸ್ತಕ ನೀಟಾಗಿತ್ತು. ಯಾವ ದಿನ ತಾಲೀಮು ನಡೆಯಿತು, ಎಷ್ಟು ಜನ ಬಂದಿದ್ದರು ಎಲ್ಲ ಅದರಲ್ಲೇ ಸಿಕ್ಕಿತು!

80ಜಿ (ದಾನ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ), 12ಎ (ಸಂಘದ ಆದಾಯಕ್ಕೆ ಸಿಗುವ ತೆರಿಗೆ ವಿನಾಯಿತಿ) ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ 80ಜಿ ವಿನಾಯಿತಿಯೇ ಸಿಗುವುದಿಲ್ಲ. ಟಿಕೆಟ್ ಮೇಲೆ ಜಿಎಸ್‌ಟಿ ಭಯವೂ ಬೇಡ. ನಾಟಕದ ಟಿಕೆಟ್ 500 ರೂಪಾಯಿವರೆಗೆ ಇದ್ದರೆ ಅದಿಲ್ಲ. ನಿಮ್ಮದು 150, ಬಿಡಿ.

ಒಂದು ಖರ್ಚು ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ನಾಟಕಕಾರರ ಗೌರವಧನ. ಯಾರ ನಾಟಕ ಆಡಿದಿರಿ? ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕೈಲಾಸಂ ಹೋಗಿದ್ದು 1946ರಲ್ಲಿ, ಅವರದು ಯಾರು ಬೇಕಾದರೂ ಆಡಬಹುದು. ಶ್ರೀರಂಗರು ಹೋಗಿದ್ದು 1984ರಲ್ಲಿ. ಅವರ ನಾಟಕಕ್ಕೆ ಮನೆಯವರ ಒಪ್ಪಿಗೆ ಬೇಕು. ಲೈಟಿನವರಿಗೆ 5,500 ಕೊಟ್ಟು ಬರೆದವರಿಗೆ ಸೊನ್ನೆ ಅಂದರೆ ಚೆನ್ನಾಗಿರಲ್ಲ ಅಲ್ವಾ?

ಗುಬ್ಬಿ ಕಂಪನಿಯಂಥ ವೃತ್ತಿ ಕಂಪನಿಗಳಿಗೆ ಒಬ್ಬ ಮಾಲೀಕ ಇರುತ್ತಿದ್ದ. ಲಾಭವೂ ಅವನದು, ಸಾಲವೂ ಅವನದು. ಹವ್ಯಾಸಿ ತಂಡಕ್ಕೆ ಮಾಲೀಕನೇ ಇಲ್ಲ. ಹಾಗಾಗಿ ಸಾಲ ಯಾರೋ ಒಬ್ಬ ಒಳ್ಳೆಯವರ ತಲೆಗೆ ಸದ್ದಿಲ್ಲದೆ ಬಂದು ಕೂರುತ್ತದೆ. ನಿಮ್ಮಲ್ಲಿ ಅದು ಮೇಷ್ಟ್ರು.

ಅಟ್ಟದ ಕಿರೀಟ:

ನಾನು ಉಲ್ಟಾ ಹೇಳುತ್ತೇನೆ. ನಾವು 11 ಜನ ಚೆನ್ನಾಗಿದ್ದೆವು. ಸಂಘ ಮಾಡಿದೆವು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ... 11 ಜನಕ್ಕೆ 9 ಹುದ್ದೆ. ಉಳಿದ ಇಬ್ಬರು ಮಾತು ಬಿಟ್ಟರು. ಕೊನೆಗೆ ಕರಪತ್ರದಲ್ಲಿ ಯಾರ ಹೆಸರು ಮೇಲೆ ಅನ್ನುವುದಕ್ಕೆ ತಂಡ ಒಡೆಯಿತು. ನಾಟಕ ಸರಿ ಇಲ್ಲ ಅಂತ ಒಡೆದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನೋಂದಣಿ ಪತ್ರ ಈಗ ನಮ್ಮನೆ ಅಟ್ಟದಲ್ಲಿದೆ, ರಟ್ಟಿನ ಕಿರೀಟದ ಜೊತೆ.

ಮಾಡಿಸುವುದಾದರೆ ಹುದ್ದೆ ಕಡಿಮೆ ಇಡಿ. ಕತ್ತಿ, ಗದೆ, ಬಟ್ಟೆಬರೆ ಸಂಘದ ಆಸ್ತಿ ಅಂತ ಪಟ್ಟಿ ಮಾಡಿ ಸಹಿ ಹಾಕಿಸಿ. ನಮ್ಮ ಮೂರು ಪೆಟ್ಟಿಗೆ ಬಟ್ಟೆ ಯಾರ ಮನೆಗೆ ಹೋಯಿತೋ ಇವತ್ತಿಗೂ ಪತ್ತೆ ಇಲ್ಲ.

ಕೊನೇ ಸಾಲು:

ನಾನು ಬರೀ ನೋಡುಗ, ಆದರೆ ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತೇನೆ. ಒಂದೇ ಮಾತು. ಟಿಕೆಟ್ ದುಡ್ಡು ಮೇಷ್ಟ್ರ ಖಾತೆಗೆ ಬೀಳುತ್ತಿದ್ದರೆ ಕಾಗದದಲ್ಲಿ ಅದು ಅವರ ಆದಾಯದ ಹಾಗೇ ಕಾಣುತ್ತದೆ. ಆ 50,000ವನ್ನು ದಯವಿಟ್ಟು ಅವರ ಖಾತೆಗೆ ಹಾಕಿಸಬೇಡಿ. ನಾಳೆ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ಅವರೊಬ್ಬರೇ.

ನೇಪಥ್ಯದವಳು:

ಎಲ್ಲರಿಗೂ ಥ್ಯಾಂಕ್ಸ್. ಗಲ್ಲಾಪೆಟ್ಟಿಗೆ ಅಣ್ಣ, ನಾವು ಆಡಿದ್ದು ಕೈಲಾಸಂ ನಾಟಕವೇ. ಬಚಾವ್. ಆದರೆ ಅದು ನಮ್ಮ ಜಾಣತನವಲ್ಲ, ಸುಮ್ನೆ ಅದೃಷ್ಟ.

ನಿನ್ನೆ ತಾಲೀಮು ಮುಗಿದ ಮೇಲೆ ನಿಮ್ಮ ಉತ್ತರಗಳನ್ನು ಎಲ್ಲರಿಗೂ ಓದಿ ಹೇಳಿದೆ. ಕಿರೀಟದ ಕತೆಗೆ ನಕ್ಕರು. ಮೇಷ್ಟ್ರು ನಗಲಿಲ್ಲ. ಚೀಲದಿಂದ ಒಂದು ಹಳೇ ಡೈರಿ ತೆಗೆದು ನನ್ನ ಕೈಗಿಟ್ಟರು. ಆರು ವರ್ಷದ್ದೂ ಬರೆದಿಟ್ಟಿದ್ದಾರೆ, ಆಟೋಕ್ಕೆ ಕೊಟ್ಟ 40 ರೂಪಾಯಿ ಸಮೇತ. ಕೂಡಿದರೆ 41,000 ದಾಟಿತು. "ಇದನ್ನ ಸಾಲ ಅಂತ ಬರೀಬೇಡ, ಸುಮ್ನೆ ನಿನಗೆ ಗೊತ್ತಿರಲಿ" ಅಂದರು. ನಾನು ಬರೆಯುವವಳೇ.

ಆರು ಸಹಿ ಆಗಿದೆ. ಏಳನೆಯದು ಮೆಡಿಕಲ್ ಶಾಪಿನವನದು, ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಾನಂತೆ. ಈಗಿರುವ ತಲೆನೋವು ವಿಳಾಸದ್ದು. ಟೆರೇಸ್ ಮನೆಯನ್ನೇ ಕೊಡೋಣ ಅಂದರೆ ಅವರಮ್ಮ ಒಪ್ಪುತ್ತಿಲ್ಲ. ರಾತ್ರಿ ಒಂಬತ್ತರ ಮೇಲೆ ಯುದ್ಧದ ದೃಶ್ಯ ಮಾಡುವುದಿಲ್ಲ ಅಂತ ಮೊದಲು ಬರೆದುಕೊಡಬೇಕಂತೆ.