ಕೂದಲ ಹಗ್ಗ, ಕಾರಿನ ಬಂಪರ್: ಇದೂ ಶಿಲ್ಪಾನಾ?

ಕಲ್ಲುಕುಟಿಗ:
ಕಲಾವಿದೆ ಶೀಲಾ ಗೌಡ ಅವರ ಕೃತಿಗಳ ಫೋಟೋ ನೋಡುತ್ತಿದ್ದೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರಂತೆ. ಗೋಡೆ ತುಂಬ ಕಪ್ಪು ಹಗ್ಗ, ಅದರಲ್ಲಿ ಕಾರಿನ ಬಂಪರ್‌ಗಳು ನೇತಾಡುತ್ತಿವೆ. ನಾನು ಬೇಲೂರು, ಹಳೇಬೀಡು ನೋಡಿ ಬೆಳೆದವನು. ಇಲ್ಲಿ ಕೆತ್ತನೆಯೇ ಇಲ್ಲ. ಇದನ್ನು ಶಿಲ್ಪ ಅಂತ ಯಾಕೆ ಕರೆಯುತ್ತಾರೆ? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹಿಂದಿನಸೀಟು:
ಅದು 'ಬಿಹೋಲ್ಡ್', ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ ಬಿನಾಲೆಯಲ್ಲಿ 2009ರಲ್ಲಿ ಇಟ್ಟಿದ್ದು. ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಆ ಹಗ್ಗ ಮನುಷ್ಯರ ಕೂದಲಿನದು. ದೃಷ್ಟಿ ತಾಗದಿರಲಿ ಅಂತ ಬೆಂಗಳೂರಲ್ಲಿ ಗಾಡಿಯ ಬಂಪರ್‌ಗೆ ಸುತ್ತುತ್ತಾರಲ್ಲ, ಅದೇ. ದೇವಸ್ಥಾನದಲ್ಲಿ ಕೊಟ್ಟ ಮುಡಿಯಲ್ಲಿ ಉದ್ದ ಕೂದಲು ವಿಗ್ಗಿಗೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗುತ್ತದೆ. ಯಾರದೋ ಹರಕೆ ಇನ್ಯಾರದೋ ಗಾಡಿಗೆ ಕಾವಲು! ಅಂಥ ಹಗ್ಗ ಸುಮಾರು 4 ಕಿಲೋಮೀಟರ್, ಬಂಪರ್ ಇಪ್ಪತ್ತು. ಉಕ್ಕಿನ ಭಾರವನ್ನು ಕೂದಲು ಹೊತ್ತು ನಿಂತಿದೆ. ಭಾರ, ಜೋಲು, ಗಂಟು, ಜಾಗ ಇವೆಲ್ಲ ಶಿಲ್ಪಿಯ ಕೆಲಸವೇ ಅಲ್ವಾ?

ಬಣ್ಣದಡಬ್ಬಿ:
ಅವರು ಕಲಿತದ್ದು ಚಿತ್ರಕಲೆ. ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1992ರ ಕೋಮು ಗಲಭೆಗಳ ನಂತರ ಬರೀ ಬಣ್ಣ ಸಾಲದು ಅನ್ನಿಸಿ ಸಗಣಿಯಲ್ಲಿ ಕೃತಿ ಮಾಡತೊಡಗಿದರು. ನನಗೆ ಜಾಸ್ತಿ ಇಷ್ಟ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಉದ್ದನೆಯ ದಾರವನ್ನು ಸೂಜಿ ಕಣ್ಣಲ್ಲಿ ಎಳೆದು ಎಳೆದು, ಸೂಜಿ ನಡುವಿಗೆ ಬರುವವರೆಗೂ ಎಳೆದು, ಅಂಥ ಎಷ್ಟೋ ಎಳೆಗಳನ್ನು ಒಟ್ಟು ಸೇರಿಸಿ, ಅಂಟು, ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ನೋಡಿದರೆ ಕರುಳು ನೆಲಕ್ಕೆ ಬಿದ್ದ ಹಾಗಿದೆ. ಹೆಂಗಸರ ಕೈಕೆಲಸ ಅಂತ ಸುಮ್ನೆ ತಳ್ಳಿಹಾಕುವ ಹೊಲಿಗೆ ಇಲ್ಲಿ ಮೈ ಜುಮ್ಮೆನ್ನಿಸುತ್ತದೆ.

ಅರೆಮನಸ್ಸು:
ಎಲ್ಲ ಸರಿ, ಆದರೆ ನನ್ನ ತಕರಾರು ಬೇರೆ. ಇಲ್ಲಿನ ಡ್ರೈವರ್‌ಗೆ ನೋಡಿದ ತಕ್ಷಣ ಗೊತ್ತಾಗುವ ವಿಷಯವನ್ನು ಅಲ್ಲಿನವರು ಗೋಡೆಯ ಮೇಲಿನ ಚೀಟಿ ಓದಿ ತಿಳಿಯಬೇಕು. ಚೀಟಿ ತೆಗೆದರೆ ಏನು ಉಳಿಯುತ್ತದೆ?

ಹಿಂದಿನಸೀಟು:
ಕೂದಲು ಉಳಿಯುತ್ತದಲ್ಲ ಸ್ವಾಮಿ. ಕೂದಲು ಕಂಡರೆ ಆಗುವ ಕಸಿವಿಸಿಗೆ ಚೀಟಿ ಬೇಕಾ? ಹಳೇಬೀಡಿನ ಗೋಡೆಯ ಮೇಲಿನ ಕಥೆಗಳೂ ಗೈಡ್ ಹೇಳದಿದ್ದರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತವೆ?

ಕಲ್ಲುಕುಟಿಗ:
ಆ ಕೊನೇ ಮಾತು ನನಗೇ ಹೊಡೆದದ್ದು ಅಂತ ಗೊತ್ತಾಯಿತು. ಶಿಲ್ಪ ಅನ್ನೋಕೆ ಇನ್ನೂ ಬಾಯಿ ಬರುತ್ತಿಲ್ಲ. ಆದರೆ ಸೂಜಿಯದನ್ನು ಎದುರಿಗೆ ನಿಂತು ನೋಡಬೇಕು. ಬೆಂಗಳೂರಲ್ಲಿ ಎಲ್ಲಾದರೂ ಇಟ್ಟರೆ ಇಲ್ಲೇ ಒಂದು ಸಾಲು ಹಾಕಿ, ಬಸ್ ಹತ್ತುತ್ತೇನೆ.